ಹೆರಿಗೆ ವಾರ್ಡಿನ ಹೊರಗೆ ಮೂವರು ಕೂತಿದ್ದೇವೆ, ಅವಳ ಅಮ್ಮ ಮಡಗಾಂವ್‌ನಲ್ಲಿ ಸಿಕ್ಕಿಕೊಂಡಿದ್ದಾರೆ

ಎಂಟು ಹದಿನಾಲ್ಕರ ಲೋಕಲ್
9 ಜುಲೈ 2024, ರಾತ್ರಿ 9.40

ಮುಲುಂಡ್ ಕಡೆಯ ಒಂದು ಆಸ್ಪತ್ರೆಯ ಎರಡನೇ ಮಹಡಿಯಿಂದ ಬರೆಯುತ್ತಿದ್ದೇನೆ. ಒಳಗೆ ನನ್ನ ಗೆಳತಿಗೆ ನೋವು ಶುರುವಾಗಿದೆ. ಸಂಜೆ ಆರಕ್ಕೆ ನೀರು ಹೋಯಿತು, ಏಳೂಕಾಲಿಗೆ ಸೇರಿಸಿಕೊಂಡರು. ಚೊಚ್ಚಲು. ಮೂವತ್ತೆಂಟು ವಾರ ತುಂಬಿ ಮೂರು ದಿನ.

ಗಂಡ ಹಡಗಿನಲ್ಲಿದ್ದಾನೆ. ಬಂದರು ಸಿಕ್ಕಾಗ ಮಾತ್ರ ಫೋನ್. ಅವಳ ಅಮ್ಮ ಇವತ್ತು ಮಧ್ಯಾಹ್ನ ಕುಮಟಾದಲ್ಲಿ ರೈಲು ಹತ್ತಿದರು, ನಾಳೆ ಬೆಳಗ್ಗೆ ಇಲ್ಲಿರಬೇಕಿತ್ತು. ಗೋವಾದ ಪೆರ್ನೆಂ ಸುರಂಗದೊಳಗೆ ನೀರು ಉಕ್ಕಿ ಮಧ್ಯಾಹ್ನದಿಂದ ಕೊಂಕಣ ರೈಲು ನಿಂತಿದೆಯಂತೆ. ಅಮ್ಮ ಮಡಗಾಂವ್ ನಿಲ್ದಾಣದಲ್ಲಿದ್ದಾರೆ. ಅರವತ್ತೆಂಟು ವರ್ಷ, ಬಿ.ಪಿ. ಇದೆ, ಮರಾಠಿಯೂ ಬಾರದು, ಕೊಂಕಣಿಯೂ ಅಷ್ಟಕ್ಕಷ್ಟೆ.

ನಾವು ಮೂವರು ಅವಳಿಗೆ ಲೋಕಲ್‌ನ ಲೇಡೀಸ್ ಡಬ್ಬಾದಲ್ಲಿ ಸಿಕ್ಕವರು. ನಾನು ಸಾಗರದವಳು, ಇನ್ನೊಬ್ಬಳು ಬಂಟ್ವಾಳದವಳು, ಮೂರನೆಯವಳು ಡೊಂಬಿವಲಿಯಲ್ಲೇ ಹುಟ್ಟಿದ ಮರಾಠಿ ಹುಡುಗಿ. ಆರು ವರ್ಷದಿಂದ ಒಂದೇ ಸೀಟಿಗೆ ಜಗಳವಾಡಿ, ಆಮೇಲೆ ಹಂಚಿಕೊಂಡು ಕೂತವರು. ಮೇ ತಿಂಗಳಲ್ಲಿ ಅವಳಿಗೆ ಡಬ್ಬಾದಲ್ಲೇ ಡೋಹಾಳೆ ಜೇವಣ, ಅಂದರೆ ಇಲ್ಲಿಯ ಸೀಮಂತ, ಮಾಡಿದೆವು. ಠಾಣೆಯಿಂದ ಘಾಟ್ಕೋಪರ್ ಬರುವುದರೊಳಗೆ ಆರತಿ, ಉಡಿ ತುಂಬುವುದು, ಪುರಣಪೋಳಿ ಎಲ್ಲ ಮುಗಿದಿತ್ತು.

ಈಗ ನನ್ನ ಕಷ್ಟ ಕೇಳಿ. ದಾಖಲಾತಿ ಫಾರ್ಮಿನಲ್ಲಿ ‘ರೋಗಿಗೆ ನಿಮ್ಮ ಸಂಬಂಧ’ ಅಂತ ಒಂದು ಸಾಲು. ನಾನು ‘ಗೆಳತಿ’ ಎಂದು ಬರೆದೆ. ಕೌಂಟರಿನವರು ಫಾರ್ಮು ತಿರುಗಿಸಿ ಕೊಟ್ಟು ‘ನಾತೇವಾಯೀಕ ಕೋಣ?’ (ನೆಂಟರು ಯಾರು?) ಅಂದರು. ರಕ್ತಸಂಬಂಧಿ ಯಾರೂ ಇಲ್ಲವೆಂದರೆ ಆಪರೇಷನ್ ಬೇಕಾದರೆ ಸಹಿ ಮಾಡುವವರು ಯಾರು ಅಂತ ಅವರ ಪ್ರಶ್ನೆ. ಅವಳ ರಕ್ತ ಬಿ ನೆಗೆಟಿವ್ ಬೇರೆ. ಹೊರಗೆ ಮಳೆ. ನಿನ್ನೆ ಬೆಳಗಿನ ಜಾವ ಒಂದರಿಂದ ಏಳರೊಳಗೆ ಮುಂಬಯಿಯ ಕೆಲವೆಡೆ 300 ಮಿಲಿಮೀಟರ್ ಸುರಿದದ್ದು ನಿಮಗೆಲ್ಲ ಗೊತ್ತು.

ಹೊರಗೆ ಕೂತವರು ಏನು ಮಾಡಬೇಕು? ಅನುಭವ ಇದ್ದವರು ಹೇಳಿ. ಮಡಗಾಂವ್ ಹತ್ತಿರ ಯಾರಾದರೂ ಕನ್ನಡದವರು ಇದ್ದೀರಾ?


ವಾಸ್ಕೋ ಗೌಂಡಿ
ರಾತ್ರಿ 9.51

ಅಕ್ಕಾರ, ನಾ ಗದಗ ಕಡಿಯಾಂವ, ಜುವಾರಿನಗರದಾಗ ಇರ್ತೇನ್ರಿ. ಮಡಗಾಂವ್ ಇಲ್ಲಿಂದ ಇಪ್ಪತ್ತೈದ ಕಿಲೋಮೀಟರ್ ಆಗಬಹುದು. ಅಮ್ಮಾರ ನಂಬರ ನನಗ ಒಳಗಿನ ಮೆಸೇಜಿನಾಗ ಕಳಸ್ರಿ, ಇಲ್ಲೆ ಎಲ್ಲಾರ ಮುಂದ ಹಾಕಬ್ಯಾಡ್ರಿ. ನೀವ ಮೊದಲ ಅವರಿಗೆ ಫೋನ್ ಹಚ್ಚಿ ಹೇಳ್ರಿ, ಹಿಂಗಿಂಗ ಒಬ್ಬ ಹುಡುಗ ಬರ್ತಾನ, ಹೆದರಬ್ಯಾಡ ಅಂತ. ನಮ್ಮಾಕಿ ರೊಟ್ಟಿ ಕಟ್ಟಾಕತ್ತಾಳ. ಹೊಂಟೆ.


ಪರೇಲ್ ಸಿಸ್ಟರ್
ರಾತ್ರಿ 10.08

ನೋಡಿ ಮಗಾ, ನಾನು ಕಾರ್ಕಳದವಳು. ಮೂವತ್ನಾಲ್ಕು ವರ್ಷ ಮುನ್ಸಿಪಾಲಿಟಿ ಆಸ್ಪತ್ರೆಗಳಲ್ಲಿ ಹೆರಿಗೆ ವಾರ್ಡಿನಲ್ಲೇ ಕೆಲಸ ಮಾಡಿ ರಿಟೈರ್ ಆದವಳು. ಹೊರಗೆ ಕೂತವರ ಮುಖ ನಾನು ಲೆಕ್ಕ ಇಲ್ಲದಷ್ಟು ನೋಡಿದ್ದೇನೆ. ಒಂದೊಂದಾಗಿ ಹೇಳ್ತೇನೆ, ಹೆದರ್ಬೇಡಿ.

ಮೊದಲು ಹೊತ್ತಿನ ಲೆಕ್ಕ. ಗರ್ಭಕೋಶದ ಬಾಯಿ ಹತ್ತು ಸೆಂಟಿಮೀಟರ್ ತೆರೆದುಕೊಳ್ಳಬೇಕು. ನಮ್ಮ ಕಾಲದಲ್ಲಿ ನಾಲ್ಕು ಆದರೆ ಜೋರು ನೋವಿನ ಹಂತ ಬಂತು ಅಂತ ಬರೀತಿದ್ದೆವು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಐದು ಅಂತ ಹೇಳಿತು. ಐದರಿಂದ ಹತ್ತಕ್ಕೆ ಹೋಗ್ಲಿಕ್ಕೆ ಚೊಚ್ಚಲಿನವರಿಗೆ ಹನ್ನೆರಡು ಗಂಟೆ ತನಕವೂ ಹಿಡೀಬಹುದು. ಐದು ಆಗುವುದಕ್ಕೆ ಮುಂಚಿನ ಹೊತ್ತಿಗಂತೂ ಲೆಕ್ಕವೇ ಇಲ್ಲ. ಹಾಗಾಗಿ ಕಾಲು ಗಂಟೆಗೊಮ್ಮೆ ಬಾಗಿಲು ಬಡಿದು ‘ಆಯ್ತಾ’ ಅಂತ ಕೇಳಬೇಡಿ. ಕೇಳುವುದಾದರೆ ಮೂರು ಮಾತು ಕೇಳಿ: ಎಷ್ಟು ಸೆಂಟಿಮೀಟರ್ ಆಗಿದೆ, ಮಗುವಿನ ಹೃದಯದ ಬಡಿತ ಎಷ್ಟುಂಟು, ಹೋದ ನೀರಿನ ಬಣ್ಣ ಏನು. ಬಡಿತ ನಿಮಿಷಕ್ಕೆ 110ರಿಂದ 160ರ ಒಳಗಿದ್ದರೆ ಒಳ್ಳೆಯದು. ನೀರು ತಿಳಿಯಾಗಿದ್ದರೆ ಒಳ್ಳೆಯದು. ಹಸಿರು ಬಣ್ಣ ಇದ್ದರೆ ಮಗು ಹೊಟ್ಟೆಯಲ್ಲೇ ಮಲ ಮಾಡಿದೆ ಅಂತ ಅರ್ಥ, ಆಗ ಡಾಕ್ಟರು ಹೆಚ್ಚು ಜಾಗ್ರತೆ ಮಾಡ್ತಾರೆ.

ಎರಡನೆಯದು, ನಿಮ್ಮಲ್ಲಿ ಒಬ್ಬರು ಒಳಗೆ ಇರ್ಲಿಕ್ಕೆ ಆಗ್ತದಾ ಕೇಳಿ. ಕೇಂದ್ರ ಸರ್ಕಾರ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಹೊತ್ತಿಗೆ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಹೇಳಿದೆ. ಖಾಸಗಿಯಲ್ಲಿ ಅವರವರ ಪದ್ಧತಿ, ಆದರೂ ಕೇಳುವುದರಲ್ಲಿ ತಪ್ಪಿಲ್ಲ. ಹೆತ್ತ ಅನುಭವ ಇದ್ದವಳು ಹೋಗಲಿ. ಹೋದವಳು ಬುದ್ಧಿ ಹೇಳ್ಲಿಕ್ಕೆ ನಿಲ್ಲಬಾರದು. ಸೊಂಟ ಒತ್ತಬೇಕು, ನೀರು ಕುಡಿಸಬೇಕು, ಕೈ ಕೊಡಬೇಕು. ಅಷ್ಟೇ. ‘ನನಗೆ ಇದಕ್ಕಿಂತ ಹೆಚ್ಚು ನೋವಿತ್ತು’ ಅಂತ ಶುರು ಮಾಡುವವರನ್ನು ನಾನೇ ಹೊರಗೆ ಕಳಿಸ್ತಿದ್ದೆ.

ಮೂರನೆಯದು ನಿಮಗೆ. ಊಟ ಮಾಡಿ. ರಾತ್ರಿ ಮೂರಕ್ಕೆ ಓಡಾಟ ಬಂದರೆ ಹಸಿದ ಹೊಟ್ಟೆಯವರಿಂದ ಏನೂ ಆಗುವುದಿಲ್ಲ.


ಠಾಣೆ ಕೋರ್ಟ್ ನಾಕಾ
ರಾತ್ರಿ 10.20

ವಕೀಲ ನಾನು. ಸಹಿಯ ವಿಷಯ ಮಾತ್ರ ಹೇಳುತ್ತೇನೆ. ನಿಮ್ಮ ಗೆಳತಿ ವಯಸ್ಕಳು, ಎಚ್ಚರದಲ್ಲಿದ್ದಾಳೆ, ಅರ್ಥ ಮಾಡಿಕೊಂಡು ಹೇಳಬಲ್ಲಳು. ಅವಳ ಮೈಯಿಗೆ ಅವಳ ಒಪ್ಪಿಗೆಯೇ ಬೇಕಾದದ್ದು, ಅದೇ ಸಾಕು. ಗಂಡನ ಸಹಿ, ಅಪ್ಪನ ಸಹಿ ಆಸ್ಪತ್ರೆಗಳ ರೂಢಿಯೇ ಹೊರತು ಕಾನೂನಿನ ಅಗತ್ಯವಲ್ಲ. ಸಮೀರಾ ಕೊಹ್ಲಿ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ರೋಗಿ ಅರಿವಳಿಕೆಯಲ್ಲಿದ್ದಾಗ ಆಕೆಯ ತಾಯಿಯ ಒಪ್ಪಿಗೆ ಪಡೆದು ಹೆಚ್ಚಿನ ಶಸ್ತ್ರಚಿಕಿತ್ಸೆ ಮಾಡಿದ್ದರು. ರೋಗಿಗೆ ಎಚ್ಚರವಾಗುವವರೆಗೆ ಕಾಯಬಹುದಾಗಿದ್ದ ಕಡೆ ತಾಯಿಯ ಒಪ್ಪಿಗೆ ಸಲ್ಲದು ಎಂದಿತು ಕೋರ್ಟು.

ಆದ್ದರಿಂದ ಫಾರ್ಮಿನಲ್ಲಿ ಸುಳ್ಳು ಬರೆಯಬೇಡಿ. ‘ಗೆಳತಿ’ ಎಂದೇ ಬರೆಯಿರಿ. ನೋವು ತೀರಾ ಜೋರಾಗುವ ಮುಂಚೆ ಡಾಕ್ಟರರ ಎದುರಿಗೆ ಅವಳಿಂದಲೇ ಎರಡು ಸಾಲು ಬರೆಸಿ: ನನ್ನ ಒಪ್ಪಿಗೆ ನಾನೇ ಕೊಡುತ್ತೇನೆ, ನನ್ನ ಬಗ್ಗೆ ಇಂಥವರಿಗೆ ಮಾಹಿತಿ ಕೊಡಬಹುದು. ಅದರ ಫೋಟೋ ಇಟ್ಟುಕೊಳ್ಳಿ.


ಎಂಟು ಹದಿನಾಲ್ಕರ ಲೋಕಲ್
ರಾತ್ರಿ 10.55

ಕೈ ಮುಗಿದೆ ನಿಮಗೆಲ್ಲ. ಬರೆಸಿದ್ದಾಯಿತು. ನೋವಿನ ನಡುವೆ ಅಕ್ಷರ ಸೊಟ್ಟ ಬಂದಿದೆ, ಆದರೆ ಸಹಿ ಗಟ್ಟಿಯಾಗಿ ಹಾಕಿದಳು. ರಾತ್ರಿ ಡ್ಯೂಟಿ ಡಾಕ್ಟರ್ ಓದಿ ‘ಇಷ್ಟು ಸಾಕು’ ಎಂದು ಕೇಸ್ ಪೇಪರಿಗೆ ಸೇರಿಸಿಕೊಂಡರು. ಕೌಂಟರಿನವರು ಮತ್ತೆ ಮಾತಾಡಲಿಲ್ಲ.

ನಾಲ್ಕು ಸೆಂಟಿಮೀಟರ್. ಬಡಿತ 142. ನೀರು ತಿಳಿ. ಒಳಗೆ ಬಂಟ್ವಾಳದವಳು ಹೋಗಿದ್ದಾಳೆ, ನಮ್ಮಲ್ಲಿ ಎರಡು ಹೆತ್ತವಳು ಅವಳೊಬ್ಬಳೇ. ಡೊಂಬಿವಲಿಯವಳು ಕೆಳಗೆ ವಡಾಪಾವ್ ತರಲು ಹೋಗಿ, ಸಿಗದೆ, ಎದುರಿನ ಉಡುಪಿ ಹೋಟೆಲಿನವರ ಅರ್ಧ ಎಳೆದ ಶಟರ್ ತಟ್ಟಿ ಇಡ್ಲಿ ತಂದಿದ್ದಾಳೆ. ವಿಷಯ ಕೇಳಿ ದುಡ್ಡು ತೆಗೆದುಕೊಳ್ಳಲಿಲ್ಲವಂತೆ ಅವರು.


ಗಿರಗಾಂವ್ ಹಿರಿಯ
ರಾತ್ರಿ 11.10

ಎಲ್ಲ ಸರಿ. ಆದರೂ ಒಂದು ಮಾತು ಹೇಳದೆ ಇರಲಾರೆ. ಚೊಚ್ಚಲ ಬಸಿರಿಯನ್ನು ಏಳು ತಿಂಗಳಿಗೇ ತವರಿಗೆ ಕಳಿಸಬೇಕಿತ್ತು. ನಮ್ಮ ಹಿರಿಯರು ಸುಮ್ಮನೆ ಮಾಡಿದ ಪದ್ಧತಿಯಲ್ಲ ಅದು. ಎಣ್ಣೆನೀರು, ಪಥ್ಯ, ಮೂರು ತಿಂಗಳ ವಿಶ್ರಾಂತಿ ಇವೆಲ್ಲ ಈ ಊರಿನ ಒಂದೂವರೆ ಕೋಣೆಯ ಮನೆಯಲ್ಲಿ ಎಲ್ಲಿಂದ ಬರಬೇಕು? ಗೆಳತಿಯರು ಒಂದು ರಾತ್ರಿ ಕೂರುತ್ತಾರೆ. ಬಾಣಂತನ ನಲವತ್ತು ದಿನದ್ದು.


ಎಂಟು ಹದಿನಾಲ್ಕರ ಲೋಕಲ್
ರಾತ್ರಿ 11.24

ಹಿರಿಯರೇ, ನಿಮ್ಮ ಮಾತಿನಲ್ಲಿ ಕಾಳಜಿ ಇದೆ, ಒಪ್ಪುತ್ತೇನೆ. ಅವಳು ಲೆಕ್ಕ ಹಾಕಿಯೇ ಇಲ್ಲಿ ಉಳಿದಳು. ನೆಗೆಟಿವ್ ರಕ್ತ, ಥೈರಾಯ್ಡ್, ಮೊದಲಿನಿಂದ ನೋಡಿದ ಡಾಕ್ಟರು ಇಲ್ಲಿದ್ದಾರೆ. ಹೆರಿಗೆ ರಜೆ 2017ರ ತಿದ್ದುಪಡಿಯ ನಂತರ 26 ವಾರ. ಅದರಲ್ಲಿ ಎಂಟು ವಾರದವರೆಗೆ ಹೆರಿಗೆಗೆ ಮುಂಚೆ ತೆಗೆದುಕೊಳ್ಳಬಹುದು. ಮುಂಚೆ ತೆಗೆದುಕೊಂಡಷ್ಟೂ ಮಗುವಿನ ಜೊತೆಗಿನ ದಿನ ಕಡಿಮೆ. ಅದಕ್ಕೇ ಹೋದ ಶುಕ್ರವಾರದವರೆಗೆ ಆಫೀಸಿಗೆ ಹೋಗಿದ್ದಾಳೆ. ತವರೇ ಇಲ್ಲಿಗೆ ಬರಲಿ ಎಂದು ಅಮ್ಮನನ್ನು ಕರೆಸಿಕೊಂಡದ್ದು. ಸುರಂಗದಲ್ಲಿ ನೀರು ಬರುತ್ತದೆಂದು ಯಾರಿಗೆ ಗೊತ್ತಿತ್ತು?


ಸಾಂತಾಕ್ರೂಜ್ ಬಾಲ್ಕನಿ
ರಾತ್ರಿ 11.48

ಗಿರಗಾಂವ್ ಹಿರಿಯರಿಗೆ ನನ್ನ ಕಥೆ ಹೇಳಬೇಕು. ಸ್ವಲ್ಪ ಉದ್ದ ಇದೆ, ಕ್ಷಮಿಸಿ.

2005ರ ಜುಲೈ 26, ಮಂಗಳವಾರ. ನನಗೆ ದಿನ ತುಂಬಲು ಇನ್ನೂ ಹದಿನೈದು ದಿನ ಇತ್ತು. ಅಂಧೇರಿಯಲ್ಲಿ ಕೆಲಸ. ಮರುದಿನ ರಾತ್ರಿ ಬಸ್ಸಿಗೆ ಹಾಸನಕ್ಕೆ ಟಿಕೆಟ್ ಆಗಿತ್ತು, ಅಣ್ಣ ಕರೆದೊಯ್ಯಲು ಬಂದು ಮನೆಯಲ್ಲಿ ಕೂತಿದ್ದ. ಮಧ್ಯಾಹ್ನ ಎರಡರ ಹೊತ್ತಿಗೆ ಮಳೆ ಹಿಡಿಯಿತು. ನಾಲ್ಕಕ್ಕೆ ಲೋಕಲ್ ನಿಂತವು. ಐದಕ್ಕೆ ಆಫೀಸಿನ ಕೆಳಗಿನ ರಸ್ತೆ ಕಾಣಲಿಲ್ಲ. ಐದೂವರೆಗೆ ನನಗೆ ನೋವು. ಸಾಂತಾಕ್ರೂಜ್‌ನಲ್ಲಿ ಆ ಇಪ್ಪತ್ನಾಲ್ಕು ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಬಿತ್ತು. ಅದೇ ದಿನ ಕೊಲಾಬಾದಲ್ಲಿ ಎಪ್ಪತ್ತು ಚಿಲ್ಲರೆ ಅಷ್ಟೇ. ನನ್ನ ಗಂಡ ನರಿಮನ್ ಪಾಯಿಂಟಿನಲ್ಲಿದ್ದರು. ಸಂಜೆ ಒಮ್ಮೆ ಫೋನ್ ತಾಗಿದಾಗ ‘ಇಲ್ಲಿ ಸಾಧಾರಣ ಮಳೆ, ಟ್ಯಾಕ್ಸಿ ಹಿಡಿದು ಬರುತ್ತೇನೆ’ ಅಂದರು. ಆಮೇಲೆ ಫೋನೇ ಇಲ್ಲ, ಎಲ್ಲ ನೆಟ್‌ವರ್ಕು ಸತ್ತವು.

ಆಫೀಸಿನ ಇಬ್ಬರು ಹೆಂಗಸರು, ಒಬ್ಬಳು ಗುಜರಾತಿ, ಒಬ್ಬಳು ಕೇರಳದ ಕಡೆಯವಳು, ನನ್ನನ್ನು ನಡುವೆ ಇಟ್ಟುಕೊಂಡು ನಡೆಸಿದರು. ಸೊಂಟದ ತನಕ ನೀರು. ಬೀದಿಯ ಹುಡುಗರು ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ದಾರಿ ಮಾಡಿದ್ದರು. ತೆರೆದ ಮ್ಯಾನ್‌ಹೋಲು ಇದ್ದಲ್ಲಿ ಒಬ್ಬ ಮುದುಕ ಕೊಡೆ ಹಿಡಿದು ನಿಂತು ‘ಇಕಡೇ ನಕೋ, ಇಕಡೇ ನಕೋ’ ಎಂದು ಕೂಗುತ್ತಿದ್ದ. ಒಂದೂವರೆ ಕಿಲೋಮೀಟರಿಗೆ ಎರಡು ಗಂಟೆ. ಹೆಸರೂ ಗೊತ್ತಿಲ್ಲದ ಒಂದು ಸಣ್ಣ ನರ್ಸಿಂಗ್ ಹೋಮ್ ಸಿಕ್ಕಿತು. ಕರೆಂಟಿಲ್ಲ. ಮೇಣದಬತ್ತಿ, ಟಾರ್ಚು. ಮರುದಿನ ಬೆಳಗಿನ ಜಾವ ಮಗ ಹುಟ್ಟಿದ.

ಆ ಇಬ್ಬರೂ ಎರಡು ರಾತ್ರಿ ನನ್ನ ಬಾಗಿಲು ಬಿಟ್ಟು ಕದಲಲಿಲ್ಲ. ಅವರ ಮನೆಯಲ್ಲೂ ಮಕ್ಕಳಿದ್ದರು, ಬದುಕಿದ್ದೇವೆಂದು ಹೇಳಲು ಫೋನಿರಲಿಲ್ಲ. ಒದ್ದೆ ಸೀರೆ ಬಿಚ್ಚಿ ಆಪರೇಷನ್ ಕೋಣೆಯ ಹಸಿರು ಅಂಗಿ ತೊಟ್ಟು ಬೆಂಚಿನ ಮೇಲೆ ಕೂತಿದ್ದರು. ಗಂಡ 27ರ ಮಧ್ಯಾಹ್ನ ಹಳಿಯ ಮೇಲೆ ನಡೆದು ಬಂದು ಸೇರಿದರು. ಅಣ್ಣ ಮನೆಯಲ್ಲೇ ಇದ್ದ, ಅವನಿಗೆ ಊರೇ ಗೊತ್ತಿಲ್ಲ. ತವರಿನ ಟಿಕೆಟ್ ನನ್ನ ಪರ್ಸಿನಲ್ಲಿ ನೆನೆದು ಮುದ್ದೆಯಾಗಿತ್ತು.

ಆ ಮಗನಿಗೆ ಇದೇ ತಿಂಗಳು ಹತ್ತೊಂಬತ್ತು ತುಂಬುತ್ತದೆ. ಈ ಚರ್ಚೆ ಓದಿ ಹೇಳಿದೆ, ‘ಬೆಳಗ್ಗೆ ಮೊದಲ ಲೋಕಲ್ ಬಿಟ್ಟರೆ ಮೆಣಸಿನ ಸಾರು ಕೊಟ್ಟು ಬರುತ್ತೇನೆ’ ಅಂದ. ಆಸ್ಪತ್ರೆ ಯಾವುದೆಂದು ನನಗೆ ಮೆಸೇಜ್ ಮಾಡಿ.


ರಕ್ತನಿಧಿ ಟೆಕ್ನಿಷಿಯನ್
10 ಜುಲೈ, ರಾತ್ರಿ 12.15

ಬಿ ನೆಗೆಟಿವ್ ವಿಷಯ. ನಮ್ಮಲ್ಲಿ ನೂರು ಜನರಲ್ಲಿ ಐದಾರು ಜನ ಮಾತ್ರ ನೆಗೆಟಿವ್, ಅದರಲ್ಲಿ ಬಿ ಇನ್ನೂ ಕಡಿಮೆ. ಆದ್ದರಿಂದ ಈಗಲೇ ವಿಚಾರಿಸಿ: ಆಸ್ಪತ್ರೆಯವರು ತಮಗೆ ಸಂಬಂಧಪಟ್ಟ ರಕ್ತನಿಧಿಯಲ್ಲಿ ಎರಡು ಯೂನಿಟ್ ಕಾದಿರಿಸಿದ್ದಾರೆಯೇ? ಇಲ್ಲವಾದರೆ ಇ-ರಕ್ತಕೋಶ್ ಜಾಲತಾಣದಲ್ಲಿ ಯಾವ ರಕ್ತನಿಧಿಯಲ್ಲಿ ಯಾವ ಗುಂಪು ಇದೆ ಎಂದು ಕಾಣುತ್ತದೆ. ಕಂಡದ್ದನ್ನು ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಹೊರಗೆ ಕಾಯುವವರಲ್ಲಿ ಒಂದು ತಪ್ಪು ಕಲ್ಪನೆ ಇದೆ. ದಾನಿ ಬಂದು ಕೈ ಚಾಚಿದರೆ ಕೂಡಲೇ ರೋಗಿಗೆ ಏರಿಸುತ್ತಾರೆ ಅಂತ. ಹಾಗಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಆಗಬೇಕು. ರೋಗಿಯ ರಕ್ತದೊಂದಿಗೆ ಹೊಂದಿಸಿ ನೋಡಬೇಕು. ಅದಕ್ಕೆ ಗಂಟೆಗಟ್ಟಲೆ ಬೇಕು. ‘ಇಷ್ಟು ಹೊತ್ತು ಏನು ಮಾಡುತ್ತಿದ್ದೀರಿ’ ಎಂದು ನಮ್ಮ ಕಿಟಕಿಯಲ್ಲಿ ಕೂಗುವವರಿಗೆ ನಾನು ಯಾವಾಗಲೂ ಇದೇ ಊರಿನ ಕಥೆ ಹೇಳುತ್ತೇನೆ. 1952ರಲ್ಲಿ ಇಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಜೊತೆಯವರು, ಓ ಗುಂಪಿನಂತೆ ಕಂಡರೂ ಓ ರಕ್ತವೂ ಹೊಂದದ ಹೊಸ ಗುಂಪೊಂದನ್ನು ಗುರುತಿಸಿದರು. ಜಗತ್ತೆಲ್ಲ ಅದನ್ನು ಬಾಂಬೆ ಬ್ಲಡ್ ಗ್ರೂಪ್ ಎನ್ನುತ್ತದೆ. ಹೊಂದಿಸಿ ನೋಡದೆ ಅಂಥವರಿಗೆ ಓ ಏರಿಸಿದರೆ ಜೀವಕ್ಕೇ ಅಪಾಯ. ನಮ್ಮ ನಿಧಾನಕ್ಕೆ ಕಾರಣ ಇದೆ.

ಆದರೂ ದಾನಿಗಳು ಬೇಕು. ಈಗ ಬಳಸಿದ್ದನ್ನು ತುಂಬಿಸಲು.


ವಾಶಿ ಸೇತುವೆ
ರಾತ್ರಿ 12.31

ನಾನು ಬಿ ನೆಗೆಟಿವ್. ಫೆಬ್ರವರಿಯಲ್ಲಿ ಕೊಟ್ಟದ್ದು, 90 ದಿನ ದಾಟಿದೆ. ಐರೋಲಿ ಸೇತುವೆ ಮೇಲೆ ವಾಹನ ಓಡುತ್ತಿವೆ, ನೋಡಿದೆ. ಹೊರಟಿದ್ದೇನೆ. ಬೇಕಾಗದಿದ್ದರೆ ನಿಮ್ಮ ಜೊತೆ ಕೂರುತ್ತೇನೆ.


ವಾಸ್ಕೋ ಗೌಂಡಿ
ರಾತ್ರಿ 12.40

ಅಮ್ಮಾರ ಸಿಕ್ಕರ್ರಿ. ಎರಡನೇ ಪ್ಲಾಟ್‌ಫಾರ್ಮಿನಾಗ ಚೀಲ ತೊಡಿಮ್ಯಾಲ ಇಟಗೊಂಡ ಕುಂತಿದ್ರು. ಮೊದಲ ನಂಬಲಿಲ್ಲ. ನಾ ಗದಗಿನಾಂವ ಅಂದ ಮ್ಯಾಲೂ ನಂಬಲಿಲ್ಲ. ನಮ್ಮಾಕಿ ಫೋನಿನಾಗ ಮಾತಾಡಿದ ಮ್ಯಾಲೆ ರೊಟ್ಟಿ ಬಿಚ್ಚಿದ್ರು. ಅರ್ಧಾ ರೊಟ್ಟಿ ತಿಂದ್ರು, ಗುಳಿಗಿ ತಗೊಂಡಾರ. ಹತ್ತರ ಮ್ಯಾಲೆ ಲೈನ್ ಬಿಟ್ಟಾರ ಅಂತಾರ, ಆದ್ರ ಮುಂದ ಗಾಡಿ ಸಾಲ ನಿಂತಾವ, ಇವರ ಗಾಡಿ ಅಲ್ಲಾಡವಲ್ದು. ಮನಿಗಿ ಬರ್ರಿ ಅಂದೆ. ‘ಗಾಡಿ ಬಿಟ್ಟುಬಿಟ್ಟರೆ?’ ಅಂತಾರ. ಸರಿ, ನಾನೂ ಇಲ್ಲೇ ಕುಂತೇನಿ.

ಹೋದ ವರ್ಷ ನಮ್ಮಾಕಿ ಹಡೆಯೂವಾಗ ನಾನೂ ಹಿಂಗ ಕುಂತಿದ್ದೆ. ಸರ್ಕಾರಿ ದವಾಖಾನಿ, ಒಂದ ರೂಪಾಯಿ ತಗೊಳ್ಳಲಿಲ್ಲ. ಔಷಧ, ಊಟ, ಮನಿಗಿ ಬಿಡೂ ಗಾಡಿ ಎಲ್ಲಾ ಪುಕ್ಕಟ. 2011ರಿಂದ ದೇಶದಾಗೆಲ್ಲಾ ಹಂಗ ಐತಿ ಅಂತ ಆಶಾ ಬಾಯಾರ ಹೇಳಿದ್ರು. ಆದ್ರ ಕುಂದ್ರಾಕ ಜೋಡಿ ಯಾರೂ ಇರಲಿಲ್ರಿ. ಬಾಜೂಕ ಒಬ್ಬ ಬಿಹಾರಿ ಹುಡುಗ, ಅವನ ಹೆಂಡ್ತೀನೂ ಒಳಗ. ಇಬ್ಬರಿಗೂ ಮಾತ ತಿಳೀವಲ್ದು. ಒಂದ ಚಾ ತಂದು ಇಬ್ಬರೂ ಕುಡದ್ವಿ.


ಎಂಟು ಹದಿನಾಲ್ಕರ ಲೋಕಲ್
ರಾತ್ರಿ 2.35

ಆರು ಸೆಂಟಿಮೀಟರ್. ವಾಶಿಯಣ್ಣ ಬಂದಿದ್ದಾರೆ, ತಲೆಯಿಂದ ಕಾಲಿನವರೆಗೆ ಒದ್ದೆ. ಆಸ್ಪತ್ರೆಯವರು ಎರಡು ಯೂನಿಟ್ ಕಾದಿರಿಸಿದ್ದಾರೆಂದು ಕಾಗದ ತೋರಿಸಿದರು.

ಒಳಗಿನ ಕೂಗು ಇಲ್ಲಿಗೆ ಕೇಳುತ್ತದೆ. ಪ್ರತಿ ಸಲ ಕೇಳಿದಾಗ ಡೊಂಬಿವಲಿಯವಳು ನನ್ನ ಮೊಣಕೈ ಹಿಡಿದುಕೊಳ್ಳುತ್ತಾಳೆ. ಅವಳಿಗೆ ಎರಡು ಸಲ ಕೂಸು ನಿಲ್ಲಲಿಲ್ಲ. ಅದು ನಮಗೆ ಮೂವರಿಗೆ ಮಾತ್ರ ಗೊತ್ತಿತ್ತು. ಈಗ ಅವಳೇ ಬರೆ ಎಂದಳು, ಬರೆದಿದ್ದೇನೆ. ಮನೆಗೆ ಹೋಗು ಎಂದರೆ ಹೋಗುತ್ತಿಲ್ಲ. ‘ನಾನು ಇವತ್ತು ಇಲ್ಲಿ ಇರಲೇಬೇಕು’ ಎನ್ನುತ್ತಾಳೆ.


ವಾಸ್ಕೋ ಗೌಂಡಿ
ಬೆಳಗಿನ ಜಾವ 3.28

ಮತ್ತ ನೀರ ಬಂತಂತ್ರಿ ಸುರಂಗದಾಗ. ಮತ್ತ ಬಂದ್. ಈಗ ಅಮ್ಮಾರ ನನ್ನ ಮಾತ ಕೇಳಿದ್ರು. ಮನಿಗಿ ಕರಕೊಂಡ ಹೊಂಟೇನಿ. ಸಂಜೀ ಬಸ್ಸಿಗೆ ಹತ್ತಸ್ತೇನಿ.


ಎಂಟು ಹದಿನಾಲ್ಕರ ಲೋಕಲ್
ಬೆಳಗಿನ ಜಾವ 3.50

ನೀರು ಹಸಿರಾಗಿದೆ. ಬಡಿತ 90ಕ್ಕೆ ಇಳಿದು ಮತ್ತೆ ಏರಿತು, ಮತ್ತೆ ಇಳಿಯಿತು. ಆಪರೇಷನ್ ಎನ್ನುತ್ತಿದ್ದಾರೆ. ಅವಳೇ ಸಹಿ ಹಾಕಿದಳು. ಸ್ಟ್ರೆಚರ್ ಹೋಗುವಾಗ ‘ಅಮ್ಮ ಊಟ ಮಾಡಿದ್ಲಾ’ ಅಂತ ಕೇಳಿದಳು.


ಪರೇಲ್ ಸಿಸ್ಟರ್
ಬೆಳಗಿನ ಜಾವ 3.53

ನಾನು ಎದ್ದೇ ಇದ್ದೇನೆ ಮಗಾ. ಸರಿಯಾದ ತೀರ್ಮಾನವೇ ಮಾಡಿದ್ದಾರೆ. ಹೊಟ್ಟೆ ಕೊಯ್ದು ಮಗುವನ್ನು ತೆಗೀಲಿಕ್ಕೆ ಹೆಚ್ಚು ಹೊತ್ತು ಬೇಡ, ಆಮೇಲೆ ಹೊಲಿಯುವುದಕ್ಕೇ ಮುಕ್ಕಾಲು ಗಂಟೆ ಹಿಡೀತದೆ. ಮಗು ಬಂದ ಮೇಲೂ ಅವಳು ಹೊರಗೆ ಬರ್ಲಿಲ್ಲ ಅಂತ ಗಾಬರಿ ಮಾಡ್ಬೇಡಿ. ಮಗು ಹುಟ್ಟಿದ ಕೂಡಲೇ ಕೂಗದಿದ್ದರೆ ಮಕ್ಕಳ ಡಾಕ್ಟರು ಅಲ್ಲೇ ನೋಡ್ತಾರೆ.


ಸಾಂತಾಕ್ರೂಜ್ ಬಾಲ್ಕನಿ
ಬೆಳಗಿನ ಜಾವ 4.05

ನಾನೂ ಎದ್ದಿದ್ದೇನೆ. ದೀಪ ಹಚ್ಚಿದ್ದೇನೆ.


ಗಿರಗಾಂವ್ ಹಿರಿಯ
ಬೆಳಗಿನ ಜಾವ 4.11

ನಾನೂ.


ಎಂಟು ಹದಿನಾಲ್ಕರ ಲೋಕಲ್
ಬೆಳಗಿನ ಜಾವ 4.39

ಹೆಣ್ಣುಮಗು. 4 ಗಂಟೆ 21 ನಿಮಿಷ. 2 ಕಿಲೋ 800 ಗ್ರಾಂ. ಒಂದು ನಿಮಿಷ ಕೂಗಲಿಲ್ಲವಂತೆ, ಆಮೇಲೆ ಆಸ್ಪತ್ರೆಗೇ ಕೇಳುವ ಹಾಗೆ ಕೂಗಿದ್ದು ನಮಗೂ ಕೇಳಿಸಿತು. ಸಿಸ್ಟರ್ ಬಾಗಿಲು ತೆರೆದು ‘ಬಾಳ-ಬಾಳಂತೀಣ ಸುಖರೂಪ’ ಅಂದರು. ಡೊಂಬಿವಲಿಯವಳು ನೆಲದ ಮೇಲೇ ಕೂತುಬಿಟ್ಟಳು. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಮೊದಲು ಅವಳ ಕೈಗೇ ಕೊಟ್ಟೆವು.

ರಕ್ತ ಬೇಕಾಗಲಿಲ್ಲ. ವಾಶಿಯಣ್ಣ ಹೆಸರೂ ಹೇಳದೆ ಹೊರಟಿದ್ದರು, ಹಿಡಿದು ಕೂರಿಸಿ ಚಹಾ ಕುಡಿಸಿದೆವು.


ವಾಸ್ಕೋ ಗೌಂಡಿ
ಬೆಳಗಿನ ಜಾವ 4.44

ಅಮ್ಮಾರ ಅಳಾಕತ್ತಾರ. ನಮ್ಮಾಕೀನೂ ಅಳಾಕತ್ತಾಳ. ಸಕ್ರಿ ಹಂಚಿದ್ವಿ.


ಪರೇಲ್ ಸಿಸ್ಟರ್
ಬೆಳಗ್ಗೆ 5.02

ದೇವರು ದೊಡ್ಡವನು. ಈಗ ಕೇಳಿ, ನಿಮ್ಮ ಕೆಲಸ ಮುಗೀಲಿಲ್ಲ.

ಮಗುವಿನ ರಕ್ತದ ಗುಂಪು ಯಾವುದು ಅಂತ ಇವತ್ತೇ ಕೇಳಿ. ಪಾಸಿಟಿವ್ ಆದರೆ ತಾಯಿಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಇಲ್ಲದಿದ್ದರೆ ಮುಂದಿನ ಬಸಿರಿಗೆ ತೊಂದರೆ. ಡಾಕ್ಟರರೇ ಬರೀತಾರೆ, ಆದರೂ ನೀವು ನೆನಪಿಡಿ. ಸಿಸೇರಿಯನ್ ಆದರೂ ಆದಷ್ಟು ಬೇಗ, ಸಾಧ್ಯವಾದರೆ ಒಂದು ಗಂಟೆಯೊಳಗೆ ಎದೆಗೆ ಹಾಕ್ಲಿಕ್ಕೆ ಹೇಳಿ. ಮೊದಲ ಹಳದಿ ಹಾಲು ಚೆಲ್ಲಬಾರದು. ಯಾರಾದರೂ ಪ್ರೀತಿಯಿಂದ ಜೇನುತುಪ್ಪ, ಸಕ್ಕರೆ ನೀರು ತಂದರೆ ಕೈ ಮುಗಿದು ವಾಪಸ್ ಕಳಿಸಿ. ಹಾಲು ಬರುವುದು ತಡವಾದರೂ ಡಬ್ಬಿ ಹಾಲಿಗೆ ಅವಸರ ಬೇಡ. ಸಯನ್ ಆಸ್ಪತ್ರೆಯಲ್ಲಿ ಡಾ. ಆರ್ಮಿಡಾ ಫರ್ನಾಂಡಿಸ್ 1989ರಲ್ಲೇ ತಾಯಿಹಾಲಿನ ಬ್ಯಾಂಕ್ ಶುರು ಮಾಡಿದವರು, ಏಷ್ಯಾದಲ್ಲೇ ಮೊದಲನೆಯದು. ತಾಯಂದಿರು ತಮ್ಮ ಮಗುವಿಗೆ ಕೊಟ್ಟು ಉಳಿದದ್ದನ್ನು ತಿಂಗಳು ತುಂಬದೆ ಹುಟ್ಟಿದ ಕೂಸುಗಳಿಗೆ ಕೊಡ್ತಾರೆ. ಅಷ್ಟು ಬೆಲೆಯುಂಟು ಆ ಹಾಲಿಗೆ.

ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಕಾರ್ಡಿನಲ್ಲಿ ಮೂರಕ್ಕೂ ಗುರುತು ಬಿದ್ದಿದೆಯಾ ನೋಡಿ. ಹೆಪಟೈಟಿಸ್ ಬಿ 24 ಗಂಟೆಯೊಳಗೆ. ಇನ್ನು ಬಾಣಂತಿಗೆ ಒಂದೇ ಗಂಟೆಯಲ್ಲಿ ಪ್ಯಾಡ್ ಪೂರ್ತಿ ನೆನೆದರೆ ಸಂಕೋಚ ಬಿಟ್ಟು ಕೂಗಿ ಕರೀರಿ.


ಎಂಟು ಹದಿನಾಲ್ಕರ ಲೋಕಲ್
12 ಜುಲೈ, ಸಂಜೆ 6.20

ಎರಡು ದಿನ ಬರೆಯಲಾಗಲಿಲ್ಲ.

ಮಗು ಬಿ ಪಾಸಿಟಿವ್, ಆಂಟಿ-ಡಿ ಕೊಟ್ಟಾಯಿತು. ಗಂಡನಿಗೆ ಬುಧವಾರ ಮಧ್ಯಾಹ್ನ ಸುದ್ದಿ ಮುಟ್ಟಿತು. ಹಡಗಿನ ಅಡುಗೆಯವರು ಅವತ್ತು ಎಲ್ಲರಿಗೂ ಕೇಸರಿಬಾತ್ ಮಾಡಿದರಂತೆ. ಸಾಂತಾಕ್ರೂಜ್ ಅಕ್ಕನ ಮಗ ಹೇಳಿದ ಮಾತಿನಂತೆ ಸಾರು ತಂದ. ಎರಡು ಥರ್ಮಾಸು: ಒಂದು ಬಾಣಂತಿಗೆ, ಇನ್ನೊಂದು ಖಾರ ಹೆಚ್ಚಿದ್ದು ನಮಗೆ.

ಅಮ್ಮ ನಿನ್ನೆ ಬೆಳಗ್ಗೆ ಬಂದರು. ಚೀಲದಲ್ಲಿ ಒಂದು ಹಳೆಯ ಹತ್ತಿ ಸೀರೆ ಇತ್ತು, ಮಗಳನ್ನು ಹೆತ್ತಾಗ ಉಟ್ಟದ್ದು. ಒಗೆದು ಮಡಿಸಿ ಇಟ್ಟಿದ್ದರು, ಕೂಸನ್ನು ಅದರಲ್ಲೇ ಸುತ್ತಿದರು. ಕೌಂಟರಿನವರು ನಮ್ಮನ್ನು ತೋರಿಸಿ ಇವರೆಲ್ಲ ಯಾರೆಂದು ಕೇಳಿದರು. ಅಮ್ಮನಿಗೆ ಮರಾಠಿ ತಿಳಿಯದು, ಕೈ ತೋರಿಸಿದ್ದು ಮಾತ್ರ ತಿಳಿಯಿತು. ‘ನಮ್ಮನೆ ಕೂಸುಗಳು’ ಅಂದರು.

ಒಂದು ಬೇಸರ ಹೇಳಿಬಿಡುತ್ತೇನೆ. ವಾರ್ಡಿನಲ್ಲಿ ಒಬ್ಬರು ಬಂದು ‘ಮುಲಗಾ ಇದ್ದಿದ್ದರೆ ಪೇಢೆ ಕೇಳುತ್ತಿದ್ದೆ, ಮುಲಗೀ ಅಲ್ಲವೇ, ಬರ್ಫಿ ಸಾಕು’ ಎಂದರು. ಈ ಊರಿನ ರೂಢಿ ಅದು, ಗಂಡಿಗೆ ಪೇಢೆ, ಹೆಣ್ಣಿಗೆ ಬರ್ಫಿ. ಆಡಿದವರ ಮನಸ್ಸಿನಲ್ಲಿ ಕೆಟ್ಟದ್ದಿರಲಿಕ್ಕಿಲ್ಲ. ನನಗೆ ಮಾತ್ರ ಹೊಟ್ಟೆಯಲ್ಲಿ ಉರಿಯಿತು. ಡೊಂಬಿವಲಿಯವಳು ಏನೂ ಹೇಳದೆ ಕೆಳಗೆ ಹೋಗಿ ಎರಡು ಕಿಲೋ ಪೇಢೆ ತಂದು ಕಾವಲುಗಾರರಿಂದ ಡಾಕ್ಟರವರೆಗೆ ಹಂಚಿದಳು.


ಗಿರಗಾಂವ್ ಹಿರಿಯ
12 ಜುಲೈ, ಸಂಜೆ 6.58

ಆ ಹುಡುಗಿಗೆ ನನ್ನ ಆಶೀರ್ವಾದ ತಿಳಿಸಿ. ನಾನು ಹೇಳಿದ ನಲವತ್ತು ದಿನದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ತಾಯಿಯೊಬ್ಬರೇ ಆ ವಯಸ್ಸಿನಲ್ಲಿ ಎಲ್ಲವನ್ನೂ ಮಾಡಲಾರರು. ಯಾರು ಯಾವ ದಿನ ಹೋಗುತ್ತೀರೆಂದು ಈಗಲೇ ಹಂಚಿಕೊಳ್ಳಿ. ಪುರುಡು ಮನೆಯವರಿಗೆ, ಗೆಳತಿಯರಿಗಲ್ಲ, ಆದ್ದರಿಂದ ಅಡುಗೆಗೆ ನಿಮಗೆ ಅಡ್ಡಿಯಿಲ್ಲ. 1981ರಲ್ಲಿ ನನ್ನ ಹೆಂಡತಿ ಕಾರವಾರದಲ್ಲಿ ಹೆತ್ತಾಗ ನನಗೆ ತಂತಿ ಬಂದದ್ದು ಎರಡು ದಿನ ಕಳೆದ ಮೇಲೆ. ಮಗು ಉಳಿದಿರಲಿಲ್ಲ. ಅವತ್ತು ಅವಳ ಬಾಗಿಲಲ್ಲಿ ನಾನಿರಲಿಲ್ಲ.


ಠಾಣೆ ಕೋರ್ಟ್ ನಾಕಾ
12 ಜುಲೈ, ರಾತ್ರಿ 8.10

ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆಸ್ಪತ್ರೆಯವರೇ ವರದಿ ಕಳಿಸುತ್ತಾರೆ. ತಾಯಿ ತಂದೆಯ ಹೆಸರಿನ ಅಕ್ಷರ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ ಎಂದು ಬಿಡುಗಡೆಗೆ ಮುಂಚೆ ನೋಡಿ, ಆಮೇಲೆ ತಿದ್ದಿಸುವುದು ಕಷ್ಟ. ಮಗುವಿನ ಹೆಸರಿಗೆ ಅವಸರವಿಲ್ಲ, ಹನ್ನೆರಡು ತಿಂಗಳವರೆಗೆ ಶುಲ್ಕವಿಲ್ಲದೆ ಸೇರಿಸಬಹುದು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೂ ಪಾಸ್‌ಪೋರ್ಟಿಗೂ ಈ ಪತ್ರವೇ ಆಧಾರ.


ಎಂಟು ಹದಿನಾಲ್ಕರ ಲೋಕಲ್
14 ಜುಲೈ, ಬೆಳಗ್ಗೆ 10.15

ಮನೆಗೆ ಬಂದೆವು. ವಾರ ಹಂಚಿಕೊಂಡಿದ್ದೇವೆ: ಸೋಮ ಗುರು ನಾನು, ಮಂಗಳ ಶುಕ್ರ ಬಂಟ್ವಾಳದವಳು, ಬುಧ ಶನಿ ಡೊಂಬಿವಲಿಯವಳು. ಭಾನುವಾರ ಸಾಂತಾಕ್ರೂಜ್ ಅಕ್ಕ ತಾವೇ ಕೇಳಿ ತೆಗೆದುಕೊಂಡರು.

ಅಮ್ಮನಿಗೆ ಅಂಟಿನ ಉಂಡೆ ಕಟ್ಟಬೇಕಂತೆ. ಇಲ್ಲಿ ಡಿಂಕ್ ಎಂದು ಸಿಗುವುದು ನಮ್ಮ ಅಂಟೇ ತಾನೇ? ಅವರಿಗೆ ಬಣ್ಣ ನೋಡಿ ಅನುಮಾನ.


ಪರೇಲ್ ಸಿಸ್ಟರ್
14 ಜುಲೈ, ಬೆಳಗ್ಗೆ 10.40

ಅದೇ. ತುಪ್ಪದಲ್ಲಿ ಹಾಕಿದರೆ ಅರಳಿನ ಹಾಗೆ ಉಬ್ಬಬೇಕು, ಉಬ್ಬದಿದ್ದರೆ ಅಂಗಡಿಗೆ ವಾಪಸ್ ಕೊಡಿ. ಹೊಲಿಗೆ ಉಂಟು, ಮೊದಲ ವಾರ ಸಣ್ಣ ಉಂಡೆ ದಿನಕ್ಕೆ ಒಂದು ಸಾಕು. ನೀರು ಚೆನ್ನಾಗಿ ಕುಡಿಸಿ. ಬಾಣಂತಿಗೆ ನೀರು ಕೊಡಬಾರದು ಅಂತ ಯಾರು ಹೇಳಿದರೂ ಕೇಳ್ಬೇಡಿ.


ವಾಸ್ಕೋ ಗೌಂಡಿ
14 ಜುಲೈ, ಮಧ್ಯಾಹ್ನ 1.05

ಅಕ್ಕಾರ, ಅಂಟ ಕೊಳ್ಳಬ್ಯಾಡ್ರಿ. ಅಮ್ಮಾರ ನಮ್ಮ ಮನ್ಯಾಗ ಕನ್ನಡಕ ಬಿಟ್ಟ ಹೋಗ್ಯಾರ. ನಾಳೆ ಬಸ್ಸಿನ ಡ್ರೈವರ ನಮ್ಮ ಓಣ್ಯಾಂವ, ಅವನ ಕೈಲೆ ಕಳಸ್ತೇನಿ. ನಮ್ಮಾಕಿ ಅದರ ಜೋಡಿ ಒಂದ ಡಬ್ಬಿ ಅಂಟಿನುಂಡಿ ಇಟ್ಟಾಳ. ಮಂಗಳವಾರ ಮುಂಜಾನೆ ಸಯನ್ ಸರ್ಕಲ್‌ಗೆ ಬರ್ತೈತಿ ಬಸ್ಸು, ಯಾರರ ಒಬ್ಬರ ಬಂದ ನಿಲ್ರಿ.


ವಾಶಿ ಸೇತುವೆ
14 ಜುಲೈ, ಮಧ್ಯಾಹ್ನ 1.09

ನಾನು ನಿಲ್ಲುತ್ತೇನೆ.